ವರ್ತನೆ ಬದಲಾದರೆ ಮೊದಲು ಹೊಟ್ಟೆ, ಹಲ್ಲು, ಕಿವಿ ನೋಡಿ

ನಮ್ಮ ತಂಡಕ್ಕೆ ಬರುವ ರೆಫರಲ್ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯಲ್ಲಿರುತ್ತವೆ: ಇತ್ತೀಚೆಗೆ ತುಂಬ ಹಠ, ತಲೆಗೆ ಹೊಡೆದುಕೊಳ್ಳುತ್ತಾರೆ, ತಟ್ಟೆ ತಳ್ಳುತ್ತಾರೆ, ರಾತ್ರಿ ನಿದ್ದೆ ಮಾಡುವುದಿಲ್ಲ, ದಯವಿಟ್ಟು ಔಷಧಿ ಪರಿಶೀಲಿಸಿ. ಇಂಗ್ಲೆಂಡಿನಲ್ಲಿ ಬೌದ್ಧಿಕ ಅಸಾಮರ್ಥ್ಯವುಳ್ಳ ವಯಸ್ಕರಿಗಾಗಿ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ನಡೆಸುವ ವಿಶೇಷ ಸಮುದಾಯ ತಂಡಗಳಲ್ಲಿ, ನಮ್ಮದರಲ್ಲೂ, ನರ್ಸ್, ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸ್ಪೀಚ್ ಥೆರಪಿಸ್ಟ್, ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಒಟ್ಟಿಗೆ ಕೆಲಸ ಮಾಡುತ್ತಾರೆ. ಪತ್ರ ಯಾರ ಕೈಗೆ ಹೋದರೂ ನಾವು ಮೊದಲು ಕೇಳಿಕೊಳ್ಳುವುದು ಒಂದೇ: ಇವರಿಗೆ ಎಲ್ಲಾದರೂ ನೋಯುತ್ತಿದೆಯೇ?

ಮಾತು ಕಡಿಮೆ ಇರುವವರ ನೋವು ವರ್ತನೆಯಲ್ಲಿ ಹೊರಬರುತ್ತದೆ. ನೋಡುವವರು ಅದನ್ನು ‘ಅವರು ಇರುವುದೇ ಹಾಗೆ’ ಎಂದು ಅಸಾಮರ್ಥ್ಯದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಇಂಗ್ಲೆಂಡಿನಲ್ಲಿ ಬೌದ್ಧಿಕ ಅಸಾಮರ್ಥ್ಯವುಳ್ಳವರು ಉಳಿದವರಿಗಿಂತ ಸರಾಸರಿ ಸುಮಾರು 20 ವರ್ಷ ಮೊದಲೇ ಸಾಯುತ್ತಿದ್ದಾರೆ. ಆ ಸಾವುಗಳಲ್ಲಿ ದೊಡ್ಡ ಪಾಲು ಸಕಾಲಕ್ಕೆ ನೋಡಿದ್ದರೆ ತಪ್ಪಿಸಬಹುದಾಗಿದ್ದವು. ಈ ಕೆಲಸದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಇದೇ.

ಮೊದಲ ಭೇಟಿಯಲ್ಲಿ ರೋಗದ ಪಟ್ಟಿಗಿಂತ ‘ಚೆನ್ನಾಗಿದ್ದಾಗ ಹೇಗಿರುತ್ತಾರೆ’ ಎಂಬುದನ್ನು ಬರೆದುಕೊಳ್ಳುತ್ತೇವೆ. ಡಿಸ್‌ಡ್ಯಾಟ್ ಎಂಬ ನಮೂನೆಯಲ್ಲಿ ಮುಖ, ಕಣ್ಣು, ದನಿ, ಕೈಕಾಲಿನ ಚಲನೆ, ಕೂರುವ ಭಂಗಿ ಇವು ನೆಮ್ಮದಿಯಲ್ಲಿದ್ದಾಗ ಹೇಗೆ, ಸಂಕಟದಲ್ಲಿದ್ದಾಗ ಹೇಗೆ ಎಂದು ಎದುರುಬದುರು ಬರೆಯಬೇಕು. ಇದನ್ನು ತುಂಬಲು ತಾಯಿ ಅಥವಾ ಹಳೆಯ ಆರೈಕೆದಾರರು ಬೇಕು. ಹೋದ ವಾರ ಸೇರಿದವರಿಂದ ಆಗದು. ಜೊತೆಗೆ ಎರಡು ವಾರಗಳ ಚಾರ್ಟ್ ಕೊಟ್ಟುಬರುತ್ತೇವೆ: ನಿದ್ದೆ, ಊಟ, ಕುಡಿದ ನೀರು, ಮಲ, ಫಿಟ್ಸ್, ಮುಟ್ಟಿನ ದಿನಗಳು, ಹೊಡೆದುಕೊಂಡ ಹೊತ್ತು. ಎಲ್ಲವೂ ಒಂದೇ ಹಾಳೆಯಲ್ಲಿರಬೇಕು. ಬೇರೆ ಬೇರೆ ಪುಸ್ತಕದಲ್ಲಿದ್ದರೆ, ಊಟವಾದ ಅರ್ಧ ಗಂಟೆಗೇ ಎದೆ ಗುದ್ದಿಕೊಳ್ಳುತ್ತಾರೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಂಡರೆ ಎದೆಯುರಿಯನ್ನು ಅನುಮಾನಿಸಬೇಕು. ಒಂದೇ ಕಡೆಯ ಕೆನ್ನೆಗೆ ಹೊಡೆದುಕೊಂಡರೆ ಹುಳುಕು ಹಲ್ಲು ಅಥವಾ ಕಿವಿ. ನಡೆಯಲು ಒಲ್ಲೆ ಎಂದರೆ ಮೊದಲು ಶೂ ಬಿಚ್ಚಿಸಿ ಉಗುರು ನೋಡಿ. ಕೂತಲ್ಲಿ ಕೂರಲಾಗದೆ ಸುಮ್ಮನೆ ಓಡಾಡುತ್ತಿದ್ದರೆ ಅದು ಮನೋರೋಗದ ಔಷಧಿಯಿಂದಲೇ ಬಂದ ಚಡಪಡಿಕೆಯೂ ಇರಬಹುದು. ಡೋಸ್ ಏರಿಸಿದರೆ ಅದು ಇನ್ನೂ ಹೆಚ್ಚುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಿಗುವುದು ಮಲಬದ್ಧತೆ. ಇದನ್ನು ಸಣ್ಣ ವಿಷಯ ಎನ್ನುವವರ ಮೇಲೆ ನನಗೆ ಸಿಟ್ಟೇ ಬರುತ್ತದೆ, ಏಕೆಂದರೆ ಇದರಿಂದ ಜನ ಸತ್ತಿದ್ದಾರೆ. ಓಡಾಟ ಕಡಿಮೆ, ನೀರು ಕಡಿಮೆ, ಬಾಗಿಲು ಹಾಕಿ ಕೂರುವ ಖಾಸಗಿತನವಿಲ್ಲ, ಮೇಲೆ ಮನೋರೋಗದ ಔಷಧಿ ಕ್ಲೋಜಪಿನ್, ಅಂಥ ಔಷಧಿಗಳ ಅಡ್ಡಪರಿಣಾಮಕ್ಕೆ ಕೊಡುವ ಪ್ರೊಸೈಕ್ಲಿಡಿನ್, ಕಬ್ಬಿಣದ ಮಾತ್ರೆಯಂಥವು ಕರುಳನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಕರುಳು ಪೂರ್ತಿ ನಿಂತುಬಿಡುವ ಅಪಾಯವಿದೆ. ಚಾರ್ಟಿನಲ್ಲಿ ‘ಆಯಿತು’ ಎಂದು ಬರೆದರೆ ಸಾಲದು. ಮಲದ ರೂಪ ಗುರುತಿಸುವ ಬ್ರಿಸ್ಟಲ್ ಮಾಪಕದ 1ರಿಂದ 7ರವರೆಗಿನ ಯಾವ ಬಗೆ, ಎಷ್ಟು ಎಂದೂ ಬರೆಯಬೇಕು. 1 ಮತ್ತು 2 ಎಂದರೆ ಗಟ್ಟಿ, 3 ಮತ್ತು 4 ಸರಿ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಹಲವು ದಿನ ಏನೂ ಆಗದೆ ಆಮೇಲೆ 7ನೇ ಬಗೆಯ ನೀರುಭೇದಿ ಶುರುವಾದರೆ, ಅದು ಗಟ್ಟಿಯಾಗಿ ಕೂತ ಮಲದ ಪಕ್ಕದಿಂದ ಸೋರುತ್ತಿರುವ ದ್ರವ ಆಗಿರಬಹುದು. ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಅನಾಹುತ.

ಮಲ ಸಡಿಲಿಸುವ ಮ್ಯಾಕ್ರೊಗಾಲ್ ಪುಡಿ ಬರೆದುಕೊಟ್ಟಿದ್ದರೆ ವಯಸ್ಕರ ಒಂದು ಸ್ಯಾಶೆಯನ್ನು 125 ಮಿಲಿ ನೀರಿನಲ್ಲಿ ಕಲಸಿ ಪೂರ್ತಿ ಕುಡಿಸಬೇಕು. ಆ ಪುಡಿ ಕೆಲಸ ಮಾಡುವುದೇ ನೀರನ್ನು ಕರುಳಿನಲ್ಲಿ ಹಿಡಿದಿಟ್ಟುಕೊಂಡು. ಎರಡು ಗುಟುಕು ನೀರಿಗೆ ಹಾಕಿ ಕೊಟ್ಟು ‘ಔಷಧಿ ಹಿಡಿಯಲಿಲ್ಲ’ ಎನ್ನುವುದು ಸಾಮಾನ್ಯ. ಇನ್ನೊಂದು ಮಾತು: ನುಂಗುವ ತೊಂದರೆಯಿರುವವರಿಗೆ ಪಾನೀಯ ಮಂದ ಮಾಡುವ ಪಿಷ್ಟದ ಪುಡಿಯನ್ನು ಮ್ಯಾಕ್ರೊಗಾಲ್ ಜೊತೆ ಕಲಸಿದರೆ ಅದು ಮಂದವಾಗದೆ ನೀರಾಗಿಬಿಡುತ್ತದೆ, ಶ್ವಾಸಕೋಶಕ್ಕೆ ಇಳಿಯಬಹುದು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿ ಓದಿ, ಪಿಷ್ಟದ್ದಾಗಿದ್ದರೆ ಕ್ಸಾಂಥನ್ ಗೋಂದಿನದಕ್ಕೆ ಬದಲಾಯಿಸುವಂತೆ, ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಮತ್ತು ಫಾರ್ಮಸಿಸ್ಟ್ ಹತ್ತಿರ ಕೇಳಿ. ಹೊಟ್ಟೆ ಉಬ್ಬಿ ಬಿಗಿದಿದ್ದು, ವಾಂತಿ ಶುರುವಾಗಿ, ಊಟ ಬಿಟ್ಟಿದ್ದರೆ ಪುಡಿಯ ಲೆಕ್ಕಾಚಾರ ಬೇಡ, ಅಂದೇ ಆಸ್ಪತ್ರೆ.

ನುಂಗುವ ವಿಷಯ ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಊಟದಲ್ಲಿ ಕೆಮ್ಮು, ಕಣ್ಣಲ್ಲಿ ನೀರು, ಊಟದ ನಂತರ ಗೊರಗೊರ ದನಿ, ಮತ್ತೆ ಮತ್ತೆ ಎದೆಯ ಸೋಂಕು ಇದ್ದರೆ ಸ್ಪೀಚ್ ಥೆರಪಿಸ್ಟ್ ನೋಡಲೇಬೇಕು. ಕೆಮ್ಮೇ ಇಲ್ಲದೆ ಆಹಾರ ಶ್ವಾಸನಾಳಕ್ಕೆ ಇಳಿಯುವವರೂ ಇದ್ದಾರೆ. ಪಾನೀಯ ಮತ್ತು ಊಟದ ಮಂದತೆಗೆ ಇಡ್‌ಸಿ ಎಂಬ 0ರಿಂದ 7ರ ಅಂತರರಾಷ್ಟ್ರೀಯ ಮಾಪಕವಿದೆ. ‘ಸ್ವಲ್ಪ ಗಟ್ಟಿ’ ಎಂಬುದು ಪ್ರತಿ ಕೈಯಲ್ಲೂ ಬೇರೆಯಾಗುವುದರಿಂದ ನಾವು ಅಡುಗೆಮನೆಯಲ್ಲೇ ಅಳೆದು ತೋರಿಸುತ್ತೇವೆ. 10 ಮಿಲಿ ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ ಪಾನೀಯ ತುಂಬಿ, ಬೆರಳು ತೆಗೆದು 10 ಸೆಕೆಂಡು ಹರಿಯಲು ಬಿಡಬೇಕು. ಒಳಗೆ 1ರಿಂದ 4 ಮಿಲಿ ಉಳಿದರೆ 1ನೇ ಹಂತ, 4ರಿಂದ 8 ಉಳಿದರೆ 2ನೇ ಹಂತ, 8ಕ್ಕಿಂತ ಹೆಚ್ಚು ಉಳಿದರೂ ಒಂದಿಷ್ಟು ಹರಿಯುತ್ತಿದ್ದರೆ 3. ಸಿರಿಂಜ್ ಎಂದರೆ ಯಾವುದೋ ಒಂದಲ್ಲ: 0ಯಿಂದ 10ರ ಗುರುತಿನವರೆಗೆ 61.5 ಮಿಮೀ ಉದ್ದವಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಊಟದಲ್ಲಿ 5ನೇ ಹಂತ ಎಂದರೆ ವಯಸ್ಕರಿಗೆ 4 ಮಿಮೀ ಅಗಲದ ಮೆತ್ತನೆಯ ಚೂರು. ಫೋರ್ಕಿನ ಹಲ್ಲುಗಳ ನಡುವಿನ ಸಂದಿಯೇ ಅಳತೆ.

ರಕ್ತಪರೀಕ್ಷೆ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸ. ಬೌದ್ಧಿಕ ಅಸಾಮರ್ಥ್ಯವಿದೆ ಎಂದು ಜಿಪಿ (ಕುಟುಂಬ ವೈದ್ಯರ) ದವಾಖಾನೆಯ ನೋಂದಣಿಯಲ್ಲಿರುವ 14 ವರ್ಷ ಮೇಲ್ಪಟ್ಟವರಿಗೆಲ್ಲ ಇಲ್ಲಿ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯಿದೆ. ಅದರ ಕಡತದಲ್ಲಿ ‘ರಕ್ತ: ನಿರಾಕರಿಸಿದರು’ ಎಂದು ವರ್ಷಾನುವರ್ಷ ಬರೆದಿರುವುದನ್ನು ನೋಡುತ್ತೇವೆ. ಬಹುಪಾಲು ಸಂದರ್ಭದಲ್ಲಿ ಅವರು ನಿರಾಕರಿಸಿದ್ದು ರಕ್ತ ಕೊಡುವುದನ್ನಲ್ಲ, ಗದ್ದಲದ ಕೋಣೆಯಲ್ಲಿ ಕಾಯುವುದನ್ನು, ಗುರುತಿಲ್ಲದವರು ಕೈ ಹಿಡಿಯುವುದನ್ನು.

ನಾವು ಹೆಜ್ಜೆ ಒಡೆಯುತ್ತೇವೆ. ಮೊದಲು ಫೋಟೊಗಳು: ಅದೇ ಕಟ್ಟಡ, ಅದೇ ಕುರ್ಚಿ, ಸೂಜಿ ಹಾಕುವ ಅದೇ ನರ್ಸ್. ಮುಂದೆ ಕ್ಲಿನಿಕ್ಕಿಗೆ ಹೋಗಿ ಕುರ್ಚಿಯಲ್ಲಿ ಕೂತು ವಾಪಸ್ ಬರುವುದು, ಅಷ್ಟೇ. ಆಮೇಲೆ ತೋಳಿಗೆ ಪಟ್ಟಿ ಕಟ್ಟಿ ಕೆಲವು ಸೆಕೆಂಡಿಗೆ ಬಿಚ್ಚುವುದು. ಸ್ಪಿರಿಟ್ಟಿನ ತಣ್ಣನೆಯ ಹತ್ತಿಗೂ ಅದರ ವಾಸನೆಗೂ ಒಗ್ಗಿಸುವುದು. ಸೂಜಿಯಿಲ್ಲದ ಸಿರಿಂಜನ್ನು ಮೊಣಕೈ ಒಳಬದಿಗೆ ಮುಟ್ಟಿಸುವುದು. ಒಂದು ಹೆಜ್ಜೆಯಲ್ಲಿ ನೆಮ್ಮದಿ ಬರುವವರೆಗೆ ಮುಂದಿನದಕ್ಕೆ ಹೋಗುವುದಿಲ್ಲ, ಮತ್ತು ಚೆನ್ನಾಗಿ ನಡೆಯುತ್ತಿರುವಾಗಲೇ ಅಂದಿನದನ್ನು ನಿಲ್ಲಿಸುತ್ತೇವೆ. ‘ಇಷ್ಟು ಚೆನ್ನಾಗಿದ್ದಾರೆ, ಇವತ್ತೇ ಚುಚ್ಚಿಬಿಡೋಣ’ ಎಂದು ಯಾರಾದರೂ ಆತುರಪಟ್ಟರೆ ವಾರಗಳ ಕೆಲಸ ಒಂದು ನಿಮಿಷದಲ್ಲಿ ಹೋಗುತ್ತದೆ.

ಆ ದಿನ ಬಂದಾಗ ಬೆಳಗಿನ ಮೊದಲ ಸರದಿ, ಇಮ್ಮಡಿ ಸಮಯ. ಚರ್ಮ ಮರಗಟ್ಟಿಸುವ ಎಮ್ಲಾ ಮುಲಾಮನ್ನು ಕನಿಷ್ಠ ಒಂದು ಗಂಟೆ ಮೊದಲು ಎರಡೂ ಮೊಣಕೈ ಒಳಬದಿಗೆ ಹಚ್ಚಿ, ಪ್ಲಾಸ್ಟಿಕ್ ಡ್ರೆಸ್ಸಿಂಗ್ ಮುಚ್ಚಿ, ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿದ್ದರೆ ಮೇಲೆ ಬ್ಯಾಂಡೇಜ್ ಸುತ್ತುತ್ತೇವೆ. ಅದು ರಕ್ತನಾಳವನ್ನು ಸ್ವಲ್ಪ ಕುಗ್ಗಿಸುವುದರಿಂದ ಒರೆಸಿದ ಮೇಲೆ ಕೆಲವು ನಿಮಿಷ ಬಿಡಬೇಕು. ಬೇಕಾದ ಪರೀಕ್ಷೆಗಳನ್ನೆಲ್ಲ ಹಿಂದಿನ ದಿನವೇ ಒಂದೇ ಚೀಟಿಗೆ ತರುತ್ತೇವೆ: ರಕ್ತಕಣ, ಮೂತ್ರಪಿಂಡ, ಥೈರಾಯ್ಡ್, ಸಕ್ಕರೆ, ಕೊಲೆಸ್ಟರಾಲ್, ಫಿಟ್ಸ್ ಮಾತ್ರೆ ಇದ್ದರೆ ವಿಟಮಿನ್ ಡಿ. ಮನಸ್ಥಿತಿ ಸ್ಥಿರವಾಗಿಡುವ ಲಿಥಿಯಂ ಔಷಧಿಯ ಮಟ್ಟ ಬೇಕಿದ್ದರೆ ಕೊನೆಯ ಡೋಸಿನಿಂದ 12 ಗಂಟೆಯ ಲೆಕ್ಕವಿಡಬೇಕು. ಒಂದು ಟ್ಯೂಬ್ ಮರೆತರೂ ಅವರನ್ನು ಮತ್ತೆ ಕರೆಯಬೇಕಾಗುತ್ತದೆ, ಅದು ಅನ್ಯಾಯ. ಎಷ್ಟೇ ಒಗ್ಗಿಸಿದರೂ ಆಗದವರಿಗೆ, ಹಲ್ಲಿನ ಚಿಕಿತ್ಸೆಗೆ ಅರಿವಳಿಕೆ ಕೊಡುವ ದಿನವೇ ರಕ್ತ ತೆಗೆದು, ಕಿವಿಯ ಗುಗ್ಗೆ ನೋಡಿ, ಉಗುರು ಕತ್ತರಿಸಿ ಮುಗಿಸುವಂತೆ ಮೊದಲೇ ಏರ್ಪಾಡು ಮಾಡುತ್ತೇವೆ.

ಅದಕ್ಕೆ ಒಪ್ಪಿಗೆ ಯಾರದು? 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಪ್ರಕಾರ ವ್ಯಕ್ತಿಗೆ ನಿರ್ಧರಿಸುವ ಶಕ್ತಿಯಿದೆ ಎಂದೇ ಶುರುಮಾಡಬೇಕು. ವಿಷಯ ಅರ್ಥವಾಗುತ್ತದೆಯೇ, ನಿರ್ಧರಿಸುವಷ್ಟು ಹೊತ್ತು ನೆನಪಿರುತ್ತದೆಯೇ, ತೂಗಿ ನೋಡಬಲ್ಲರೇ, ಹೇಗಾದರೂ ತಿಳಿಸಬಲ್ಲರೇ ಎಂದು ಆ ಒಂದು ನಿರ್ಧಾರದ ಮಟ್ಟಿಗೆ ಮಾತ್ರ ಪರೀಕ್ಷಿಸಬೇಕು. ತಂದೆತಾಯಿ ಎಂಬ ಕಾರಣಕ್ಕೇ ವಯಸ್ಕ ಮಗನ ಪರವಾಗಿ ಸಹಿ ಹಾಕಲು ಬರುವುದಿಲ್ಲ. ಶಕ್ತಿಯಿಲ್ಲವೆಂದು ಕಂಡರೆ ವ್ಯಕ್ತಿಯ ಹಿತಕ್ಕೆ ತಕ್ಕ ನಿರ್ಧಾರವನ್ನು ಮನೆಯವರ ಜೊತೆ ಕೂತು ತೆಗೆದುಕೊಳ್ಳಬೇಕು. ಗಂಭೀರ ಚಿಕಿತ್ಸೆಯಿದ್ದು ಕುಟುಂಬದವರೂ ಆಪ್ತರೂ ಯಾರೂ ಇಲ್ಲದಿದ್ದರೆ ಆ ವ್ಯಕ್ತಿಯ ಪರವಾಗಿ ಮಾತಾಡುವ ಸ್ವತಂತ್ರ ಪ್ರತಿನಿಧಿಯನ್ನು ಕರೆಯಲೇಬೇಕು.

ಡೌನ್ ಸಿಂಡ್ರೋಮ್ ಇರುವವರಲ್ಲಿ 40 ದಾಟುತ್ತಲೇ ಮರೆವಿನ ಕಾಯಿಲೆ ಕಾಣಿಸಿಕೊಳ್ಳಬಹುದು. ಅದಕ್ಕೇ 30ರ ಸುಮಾರಿಗೆ ಅವರು ಏನೇನು ತಾವೇ ಮಾಡಿಕೊಳ್ಳುತ್ತಾರೆ ಎಂದು ಒಮ್ಮೆ ದಾಖಲಿಸಿಡುತ್ತೇವೆ, ಮುಂದೆ ಹೋಲಿಸಲು. ಆದರೆ ಥೈರಾಯ್ಡ್ ಕೊರತೆ, ಕಿವುಡು, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಎಲ್ಲವೂ ಮರೆವಿನಂತೆಯೇ ಕಾಣುತ್ತವೆ. ಇವನ್ನು ನೋಡದೆ ಆ ಹೆಸರು ಹಚ್ಚಬಾರದು.

ಇಷ್ಟೆಲ್ಲ ಮುಗಿದ ಮೇಲೆಯೇ ಪತ್ರದಲ್ಲಿ ಕೇಳಿದ್ದ ‘ಔಷಧಿ ಪರಿಶೀಲನೆ’. ಸರಿಯಾದ ಕಾರಣವಿಲ್ಲದೆ ಮನೋರೋಗದ ಅಥವಾ ಖಿನ್ನತೆಯ ಔಷಧಿ ತೆಗೆದುಕೊಳ್ಳುತ್ತಿರುವ ಬೌದ್ಧಿಕ ಅಸಾಮರ್ಥ್ಯವುಳ್ಳ ವಯಸ್ಕರು ಇಂಗ್ಲೆಂಡಿನಲ್ಲಿ 30,000ದಿಂದ 35,000 ಇರಬಹುದೆಂದು ಆಗಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ 2015ರಲ್ಲಿ ಅಂದಾಜಿಸಿತು. ಮರುವರ್ಷ ಇಂಥ ಔಷಧಿಗಳನ್ನು ಕಡಿಮೆ ಮಾಡುವ ‘ಸ್ಟಾಂಪ್’ ಎಂಬ ಕಾರ್ಯಕ್ರಮ ಬಂತು. ಕಡಿಮೆ ಮಾಡುವಾಗ ಒಮ್ಮೆಗೆ ಒಂದೇ ಔಷಧಿ, ಸಣ್ಣ ಹೆಜ್ಜೆ, ಹೆಜ್ಜೆಗಳ ನಡುವೆ ವಾರಗಳ ಅಂತರ. ಮನೆ ಬದಲಾಗುವ, ಆರೈಕೆದಾರರು ಬದಲಾಗುವ ತಿಂಗಳಲ್ಲಿ ಮುಟ್ಟುವುದಿಲ್ಲ. ಇಳಿಸಿದ ಮೊದಲ ದಿನಗಳ ನಿದ್ದೆಗೇಡು, ಚಡಪಡಿಕೆ ಔಷಧಿ ಬಿಡಿಸುವಾಗ ಬರುವ ಲಕ್ಷಣವಾಗಿರಬಹುದು. ಅದನ್ನೇ ಹಳೆಯ ವರ್ತನೆ ಮರಳಿತು ಎಂದುಕೊಂಡು ಪೂರ್ತಿ ಡೋಸಿಗೆ ಹಿಂತಿರುಗುವುದರಿಂದಲೇ ಹೆಚ್ಚಿನ ಪ್ರಯತ್ನಗಳು ಮುರಿದುಬೀಳುತ್ತವೆ. ಯಾವ ಲಕ್ಷಣಕ್ಕೆ ಎಷ್ಟು ದಿನ ಕಾಯಬೇಕು, ಯಾವುದಕ್ಕೆ ಕೂಡಲೇ ಫೋನ್ ಮಾಡಬೇಕು ಎಂದು ಮೊದಲೇ ಬರೆದುಕೊಟ್ಟರೆ ಮನೆಯವರು ಧೈರ್ಯವಾಗಿರುತ್ತಾರೆ. ಫಿಟ್ಸ್ ಮಾತ್ರೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅದನ್ನು ಫಿಟ್ಸ್ ನೋಡುವ ವೈದ್ಯರೇ ತೀರ್ಮಾನಿಸಬೇಕು.

ಕೊನೆಗೆ ಆಸ್ಪತ್ರೆ ಪಾಸ್‌ಪೋರ್ಟ್ ಎಂಬ ಕಿರುಹೊತ್ತಿಗೆ ತುಂಬುತ್ತೇವೆ. ಕೆಂಪು ಭಾಗದಲ್ಲಿ ಜೀವಕ್ಕೆ ಸಂಬಂಧಿಸಿದ್ದು: ಅಲರ್ಜಿ, ಫಿಟ್ಸ್, ನುಂಗುವ ಹಂತ. ಹಳದಿಯಲ್ಲಿ ಮುಖ್ಯವಾದದ್ದು: ನೋವನ್ನು ಹೇಗೆ ತೋರಿಸುತ್ತಾರೆ, ಮಾತ್ರೆ ಹೇಗೆ ತೆಗೆದುಕೊಳ್ಳುತ್ತಾರೆ. ಹಸಿರಿನಲ್ಲಿ ಇಷ್ಟಾನಿಷ್ಟ. ಔಷಧಿಗಳ ಹೆಸರನ್ನು ಅದರೊಳಗೆ ಬರೆಯಬೇಡಿ. ಡೋಸ್ ಬದಲಾದ ದಿನವೇ ಪುಟ ಹಳತಾಗುತ್ತದೆ. ದಿನಾಂಕವಿರುವ ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿ ಹಿಂದೆ ಸಿಕ್ಕಿಸಿ, ಒಂದು ಪ್ರತಿಯನ್ನು ಆಂಬುಲೆನ್ಸಿನವರ ಕೈಗೆ ಕೊಡಲು ಬಾಗಿಲ ಹತ್ತಿರವೇ ಇಟ್ಟಿರಿ.