ಎರೆ ಮಣ್ಣಿನ ಹಿತ್ತಲಿಗೆ ಐದನೆಯ ಬೇಸಿಗೆ

ರಾಣೆಬೆನ್ನೂರಿನಲ್ಲಿ ಏಪ್ರಿಲ್ ಎರಡನೆಯ ವಾರ ಬಂತೆಂದರೆ ನಮ್ಮ ಹಿತ್ತಲಿನ ಮಣ್ಣು ಬಾಯಿ ಬಿಡುತ್ತದೆ. ಕಪ್ಪು ಎರೆ ಮಣ್ಣಲ್ಲವೇ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಬೇಸಿಗೆಯಲ್ಲಿ ಆ ಬಿರುಕುಗಳನ್ನು ಕಂಡು ಹೆದರಿ ದಿನಕ್ಕೆರಡು ಸಲ ಪೈಪು ಹಿಡಿದೆ. ಅರ್ಧ ನೀರು ಬಿರುಕಿನೊಳಗೆ ಇಳಿದು ಬೇರಿಗೆ ಸಿಗದೆ ಹೋಯಿತು, ಉಳಿದದ್ದು ಮೇಲಿನ ಎರಡು ಅಂಗುಲ ಮಣ್ಣನ್ನು ತೋಯಿಸಿತು. ಮದುವೆಯೊಂದಕ್ಕೆ ಹೋಗಿ ನಾಲ್ಕನೆಯ ದಿನ ಬಂದು ನೋಡಿದರೆ ಆರು ಬದನೆ ಗಿಡಗಳಲ್ಲಿ ನಾಲ್ಕು ಒಣಗಿದ್ದವು. ಕಿತ್ತು ನೋಡಿದೆ. ಬೇರುಗಳೆಲ್ಲ ಚಾಪೆಯಂತೆ ಮೇಲ್ಮೈಯಲ್ಲೇ ಹರಡಿಕೊಂಡಿದ್ದವು. ಆಳಕ್ಕೆ ಇಳಿಯುವ ಅಗತ್ಯವೇ ಬಾರದಂತೆ ಅವುಗಳನ್ನು ಬೆಳೆಸಿದವಳು ನಾನೇ.

ಆ ವರ್ಷದಿಂದ ಬೇಸಿಗೆಯ ಕೆಲಸವನ್ನು ಮಾರ್ಚ್ ಮೊದಲಲ್ಲೇ ಶುರು ಮಾಡುತ್ತೇನೆ. ಹೊಲದಲ್ಲಿ ಬೆಳೆಯ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದು ಕಳೆ ತೆಗೆಯಲು ಮಾತ್ರವಲ್ಲ, ಬಿರುಕು ಮುಚ್ಚಿ ನೆಲದ ಹಸಿ ಕಾಪಾಡಲೂ ಹೌದು ಎಂಬುದು ರೈತರಿಗೆಲ್ಲ ಗೊತ್ತಿರುವ ಸಂಗತಿ. ಇಪ್ಪತ್ತು ಅಡಿಗೆ ಹದಿನೆಂಟು ಅಡಿಯ ಹಿತ್ತಲಿಗೆ ಕುಂಟೆ ಬೇಕಿಲ್ಲ, ಕೈಯಲ್ಲಿ ಹಿಡಿದು ಕಳೆ ತೆಗೆಯುವ ಕುರ್ಚಿಗೆಯೇ ಸಾಕು. ಮೇಲ್ಮಣ್ಣನ್ನು ಪುಡಿ ಮಾಡಿ, ಪ್ರತಿ ಗಿಡದ ಬುಡಕ್ಕೆ ಎರಡು ಬೊಗಸೆ ತಿಪ್ಪೆ ಗೊಬ್ಬರ ಹಾಕಿ, ಅದರ ಮೇಲೆ ನಾಲ್ಕು ಅಂಗುಲ ದಪ್ಪಕ್ಕೆ ಹೊಂಗೆ, ಬೇವಿನ ಒಣ ಎಲೆಗಳನ್ನೂ ಮೆಕ್ಕೆಜೋಳದ ತೆನೆಯ ಒಣ ಸಿಪ್ಪೆಯನ್ನೂ ಹೊದಿಸುತ್ತೇನೆ. ಹೊದಿಕೆ ಕಾಂಡಕ್ಕೆ ತಾಗಬಾರದು, ನಾಲ್ಕು ಬೆರಳು ಜಾಗ ಬಿಡಬೇಕು. ಎರಡನೆಯ ವರ್ಷ ಬಿಡದೆ ಹೊದಿಸಿ ಕರಿಬೇವಿನ ಗಿಡಕ್ಕೆ ಗೆದ್ದಲು ಹತ್ತಿಸಿಕೊಂಡಿದ್ದೆ.

ನೀರು ಈಗ ಮೂರು ದಿನಕ್ಕೊಮ್ಮೆ, ಹೊತ್ತು ಮುಳುಗಿದ ಮೇಲೆ, ಬದನೆಯಂಥ ಗಿಡವೊಂದಕ್ಕೆ ನಾಲ್ಕು ಲೀಟರಿನಷ್ಟು, ನಿಧಾನವಾಗಿ. ಹಾಕುವ ಮುನ್ನ ಹೊದಿಕೆ ಸರಿಸಿ ಬೆರಳು ಇಳಿಸಿ ನೋಡುತ್ತೇನೆ. ಎರಡನೆಯ ಗೆಣ್ಣಿನವರೆಗೂ ಒಣಗಿದ್ದರೆ ಮಾತ್ರ ನೀರು. ಮಧ್ಯಾಹ್ನ ಎಲೆ ಬಾಡಿದ್ದನ್ನು ನೋಡಿ ಕೊಡ ಹಿಡಿದು ಓಡಬೇಡಿ. ಕುಂಬಳ, ಹೀರೆಯ ಅಗಲ ಎಲೆಗಳು ಬಿಸಿಲಿಗೆ ಜೋಲುವುದು ಸಹಜ, ಸಂಜೆಗೆ ಎದ್ದು ನಿಂತರೆ ಬೇರಿನಲ್ಲಿ ನೀರಿದೆ ಎಂದೇ ಅರ್ಥ. ಬೆಳಗಿನ ಏಳು ಗಂಟೆಗೂ ಬಾಡಿಯೇ ಇದ್ದರೆ ಅದು ನಿಜವಾದ ಬಾಯಾರಿಕೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ನಮ್ಮಲ್ಲಿ ದಿನಕ್ಕೆ ಒಂದು ಬಕೆಟ್ ಆಗುತ್ತದೆ, ಅದು ಸೀದಾ ಹಿತ್ತಲಿಗೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಮಾತ್ರ ಗಿಡಗಳಿಗೆ ಹಾಕುವುದಿಲ್ಲ. ಅದರಲ್ಲಿ ಲವಣ ಹೆಚ್ಚು. ಒಂದು ತಿಂಗಳು ಹಾಕಿದ್ದಕ್ಕೆ ನಿಂಬೆಯ ಎಲೆಯಂಚುಗಳು ಸುಟ್ಟಂತಾದವು. ಈಗ ಆ ನೀರು ಅಂಗಳ ತೊಳೆಯುವುದಕ್ಕೆ.

ನಿಂಬೆಗೂ ಪಪ್ಪಾಯಿಗೂ ಗಡಿಗೆ ಹೂಳಿದ್ದೇನೆ. ಕುಂಬಾರರ ಬಳಿ ತಂದ ಹೊಸ ಗಡಿಗೆಯೇ ಆಗಬೇಕು, ಬಳಸಿ ಹಳೆಯದಾದದ್ದರ ರಂಧ್ರಗಳು ಕಟ್ಟಿಕೊಂಡಿರುತ್ತವೆ, ನೀರು ಒಸರುವುದಿಲ್ಲ. ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಕಂಠದವರೆಗೆ ಹೂತು, ನೀರು ತುಂಬಿ, ಸೊಳ್ಳೆ ಮೊಟ್ಟೆ ಇಡದಂತೆ ಮುಚ್ಚಳ ಹಾಕುತ್ತೇನೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಗಡಿಗೆ ಒಸರುತ್ತದೆ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು ಈ ಎರಡು ಗಡಿಗೆಗಳೇ ಎಂದು ಯಾರಿಗಾದರೂ ಹೇಳುತ್ತೇನೆ.

ಏನು ಬೆಳೆಯಬೇಕು ಎಂಬುದರಲ್ಲೂ ಹಟ ಬಿಟ್ಟಿದ್ದೇನೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊದ ಪರಾಗ ಶಕ್ತಿ ಕಳೆದುಕೊಳ್ಳುತ್ತದೆ, ಹೂವು ಕಾಯಿ ಕಚ್ಚದೆ ಉದುರುತ್ತದೆ. ಅದಕ್ಕೆ ಗೊಬ್ಬರ ಕೊಟ್ಟು ಪ್ರಯೋಜನವಿಲ್ಲ. ಏಪ್ರಿಲ್ ಕೊನೆಗೆ ಟೊಮೆಟೊ ಕಿತ್ತು ಆ ಜಾಗದಲ್ಲಿ ಹರಿವೆ ಚೆಲ್ಲುತ್ತೇನೆ, ತಿಂಗಳೊಳಗೆ ಸೊಪ್ಪು ಕೈಗೆ ಬರುತ್ತದೆ. ಚವಳಿಕಾಯಿ ಬಿಸಿಲಿನ ಮಗಳು, ಅದಕ್ಕೆ ಚಿಂತೆಯೇ ಇಲ್ಲ. ಬೆಂಡೆಗೆ ಬಿಳಿ ನೊಣ ಹರಡುವ ಹಳದಿ ನಂಜಿನ ಕಾಟ. ಎಲೆಯ ನರಗಳು ಹಳದಿಯಾದ ಗಿಡವನ್ನು ಅಂದೇ ಕಿತ್ತೊಗೆಯಬೇಕು, ಕನಿಕರ ಪಟ್ಟರೆ ಸಾಲೆಲ್ಲ ಹೋಗುತ್ತದೆ. ಮೆಣಸಿನ ಗಿಡಗಳಿಗೆ ಪಶ್ಚಿಮದ ಬಿಸಿಲು ತಾಗದಂತೆ ಅರ್ಧ ನೆರಳಿನ ಹಸಿರು ಬಲೆ ಕಟ್ಟುತ್ತೇನೆ. ದಟ್ಟ ಬಲೆ ಕಟ್ಟಿದ ವರ್ಷ ಗಿಡಗಳು ಉದ್ದಕ್ಕೆ ಬೆಳೆದವು, ಕಾಯಿ ಬಿಡಲಿಲ್ಲ.

ಕುಂಬಳದ ಕಥೆ ಬೇರೆ. ಮೂರನೆಯ ಬೇಸಿಗೆಯಲ್ಲಿ ಬಳ್ಳಿ ತುಂಬ ಹೂವು, ಮಿಡಿಗಳೆಲ್ಲ ಹಳದಿಯಾಗಿ ಉದುರುತ್ತಿದ್ದವು. ನಮ್ಮೂರು ತರಕಾರಿ ಬೀಜೋತ್ಪಾದನೆಗೆ ಹೆಸರಾದದ್ದು. ನೆರೆಮನೆಯಾಕೆ ವರ್ಷಗಳಿಂದ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್, ಅಂದರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ ಮಾಡಿದವರು. ಗೋಡೆಯಾಚೆಯಿಂದ ನೋಡಿ, “ಟೀಚರ್, ನಿಮ್ಮ ಹಿತ್ತಲಿಗೆ ಜೇನು ಬರುತ್ತಿಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆ, ಎದ್ದಿರಿ” ಎಂದರು. ಆರೂವರೆಗೆ ಬಂದರು. ಬುಡದಲ್ಲಿ ಪುಟ್ಟ ಕಾಯಿಯಿದ್ದರೆ ಹೆಣ್ಣು ಹೂವು, ಬರೀ ತೊಟ್ಟಿದ್ದರೆ ಗಂಡು. ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿದರು. “ಬಿಸಿಲೇರಿದ ಮೇಲೆ ಮಾಡಿದರೆ ಕೈ ದಣಿಯುತ್ತದೆ ಅಷ್ಟೇ, ಕಾಯಿ ನಿಲ್ಲುವುದಿಲ್ಲ” ಎಂದರು. ಆ ವಾರ ಮುಟ್ಟಿಸಿದ ಐದು ಹೂವುಗಳಲ್ಲಿ ನಾಲ್ಕು ನಿಂತವು. ಆ ಕೈಗಳ ನಾಜೂಕು ನನ್ನ ಕೈಗೆ ಇನ್ನೂ ಬಂದಿಲ್ಲ. ಹೀರೆಯ ಹೂವು ಸಂಜೆ ಅರಳುತ್ತದೆ, ಅದಕ್ಕೆ ಸಂಜೆಯೇ ಹೋಗಬೇಕು ಎಂದು ಹೇಳಿಕೊಟ್ಟವರೂ ಅವರೇ.

ಪಪ್ಪಾಯಿಗೆ ಹಿಟ್ಟು ತಿಗಣೆ ಬಂದರೆ ಮೊದಲು ನೀರನ್ನು ರಭಸವಾಗಿ ಹಾಯಿಸುತ್ತೇನೆ, ಆಮೇಲೆ ಲೀಟರಿಗೆ ಐದು ಮಿಲಿ ಬೇವಿನೆಣ್ಣೆ, ಸ್ವಲ್ಪ ಸಾಬೂನು ನೀರು. ಸಂಜೆಯೇ ಸಿಂಪಡಿಸಬೇಕು, ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ನಿಂಬೆಯ ವಿಷಯಕ್ಕೆ ನಾನು ಹೆಚ್ಚು ನೊಂದಿದ್ದೇನೆ. ಮೇ ಇಡೀ ಒಣಗಲು ಬಿಟ್ಟು, ಆಮೇಲೆ ಜೋರು ಮಳೆ ಬಿದ್ದರೆ ತಿರುಳು ಥಟ್ಟನೆ ಹಿಗ್ಗುತ್ತದೆ, ಗಟ್ಟಿಯಾದ ಸಿಪ್ಪೆ ಹಿಗ್ಗುವುದಿಲ್ಲ, ಕಾಯಿ ಒಡೆಯುತ್ತದೆ. ಎರಡನೆಯ ವರ್ಷ ಒಂದೇ ರಾತ್ರಿಯ ಮಳೆಗೆ ನಲವತ್ತಕ್ಕೂ ಹೆಚ್ಚು ಕಾಯಿ ಒಡೆದು ಮರದಲ್ಲೇ ತೂಗುತ್ತಿದ್ದವು. ಗಡಿಗೆ ಬಂದ ಮೇಲೆ ಬುಡದ ಹಸಿ ಒಂದೇ ಹದದಲ್ಲಿದೆ. ಈ ಸಲ ರೋಹಿಣಿ ಮಳೆ ಸುರಿದ ಮರುದಿನ ಎಣಿಸಿದೆ, ಒಡೆದದ್ದು ಮೂರು. ಅವನ್ನೂ ಸೇರಿಸಿ ಉಪ್ಪಿನಕಾಯಿ ಹಾಕಿ, ಒಂದು ಭರಣಿ ಗೋಡೆಯಾಚೆಗೆ ಕೊಟ್ಟೆ.