ಕಾಯಿಲೆ ಬೀಳದವರ ಮನೆಗೂ ಹೋಗಬೇಕು

ಚೆನ್ನೈನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯು 2001ರಲ್ಲಿ ಆರಂಭಿಸಿದ ಕ್ಷೇತ್ರ ತರಬೇತಿಗೆ ನಾನು ಸೇರಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಾಗಿದ್ದಾಗ. ಎರಡು ವರ್ಷಗಳ ಈ ತರಬೇತಿಯ ಬಹುಪಾಲು ತರಗತಿಯಲ್ಲಲ್ಲ, ಕ್ಷೇತ್ರದಲ್ಲೇ ನಡೆಯುತ್ತದೆ. ಚೆನ್ನೈಗೆ ಹೋಗಿ ಪಾಠ ಕೇಳಿ, ಕಲಿತದ್ದನ್ನು ಜಿಲ್ಲೆಗೆ ಮರಳಿ ಮಾಡಿ ನೋಡಿ, ವರದಿ ಬರೆದು ಮತ್ತೆ ಮಾರ್ಗದರ್ಶಕರ ಮುಂದಿಡಬೇಕು. ರೋಗ ಕಣ್ಗಾವಲಿನ ದತ್ತಾಂಶದ ವಿಶ್ಲೇಷಣೆ, ಕಣ್ಗಾವಲು ವ್ಯವಸ್ಥೆಯ ಮೌಲ್ಯಮಾಪನ, ಔಟ್‌ಬ್ರೇಕ್ ತನಿಖೆ (ಒಂದೆಡೆ ರೋಗ ದಿಢೀರನೆ ಹರಡಿದಾಗ ಅದರ ಮೂಲವನ್ನು ಹುಡುಕುವುದು), ಕೊನೆಗೆ ಪ್ರಬಂಧ, ಹೀಗೆ ಕೆಲಸಗಳು ಹಲವು. ಅವುಗಳಲ್ಲಿ ನನ್ನ ವೈದ್ಯವೃತ್ತಿಯನ್ನೇ ಬದಲಿಸಿದ್ದು ಔಟ್‌ಬ್ರೇಕ್ ತನಿಖೆ. ಆದ್ದರಿಂದ ಅದರ ಬಗ್ಗೆಯೇ ಇಲ್ಲಿ ಬರೆಯುತ್ತೇನೆ.

ಈ ವಿದ್ಯೆಯನ್ನು ಕಲಿಯುವವರು ಬಿಡಿಸುವ ಪ್ರಸಿದ್ಧ ಲೆಕ್ಕವೊಂದಿದೆ. 1940ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಓಸ್ವಿಗೊ ಕೌಂಟಿಯಲ್ಲಿ ಚರ್ಚೊಂದರ ಊಟಕ್ಕೆ ಹೋಗಿದ್ದವರಲ್ಲಿ 75 ಜನರನ್ನು ವಿಚಾರಿಸಿದಾಗ 46 ಮಂದಿಗೆ ಹೊಟ್ಟೆ ಕೆಟ್ಟಿತ್ತು. ಕಾಯಿಲೆಯಾದವರನ್ನಷ್ಟೇ ಕೇಳಿದರೆ, ಅವರಲ್ಲಿ 29 ಮಂದಿ ಹಂದಿಮಾಂಸ ತಿಂದಿದ್ದರು ಎಂಬ ಉತ್ತರ ಸಿಗುತ್ತದೆ. ಅನುಮಾನ ಅಲ್ಲಿಗೇ ಹೋಗುತ್ತದೆ. ಆದರೆ ಮಾಂಸ ತಿಂದ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅವರಲ್ಲಿ ಶೇ 63 ಮಂದಿಗೆ, ತಿನ್ನದವರಲ್ಲಿ ಶೇ 59 ಮಂದಿಗೆ ಕಾಯಿಲೆಯಾಗಿತ್ತು. ಅಂದರೆ ಮಾಂಸಕ್ಕೂ ಕಾಯಿಲೆಗೂ ಸಂಬಂಧ ಕಾಣುವುದಿಲ್ಲ. ವೆನಿಲಾ ಐಸ್‌ಕ್ರೀಮಿನ ಕಥೆ ಬೇರೆ: ತಿಂದ 54 ಜನರಲ್ಲಿ 43 ಮಂದಿಗೆ, ತಿನ್ನದ 21 ಜನರಲ್ಲಿ ಕೇವಲ 3 ಮಂದಿಗೆ ಕಾಯಿಲೆ. ಈ ಅಂತರವನ್ನು ತೋರಿಸಿಕೊಟ್ಟವರು ಆರೋಗ್ಯವಾಗಿಯೇ ಉಳಿದ 29 ಜನ. ಆಸ್ಪತ್ರೆಯಲ್ಲಿ ಕುಳಿತ ವೈದ್ಯರಿಗೆ ಭಿನ್ನರಾಶಿಯ ಅಂಶ, ಅಂದರೆ ಕಾಯಿಲೆಯಾದವರು, ತಾನಾಗಿ ನಡೆದು ಬರುತ್ತದೆ, ಕಾಯಿಲೆಯಾಗದವರೂ ಸೇರಿದ ಒಟ್ಟು ಜನರ ಛೇದವನ್ನು ಮಾತ್ರ ನಾವೇ ಹುಡುಕಿಕೊಂಡು ಹೋಗಬೇಕು.

ಹಾಗೆ ಹುಡುಕಿಕೊಂಡು ಹೋಗುವ ಸಂದರ್ಭ ನನಗೆ ಒದಗಿದ್ದು ಗ್ರಾಮವೊಂದರಲ್ಲಿ ಕಾಮಾಲೆ ಹರಡಿದಾಗ. ರಕ್ತದ ಮಾದರಿಗಳಲ್ಲಿ ಹೆಪಟೈಟಿಸ್ ಇ, ಅಂದರೆ ಕಲುಷಿತ ನೀರಿನಿಂದ ಹರಡುವ ಯಕೃತ್ತಿನ ವೈರಸ್ ಸೋಂಕು, ದೃಢಪಟ್ಟಿತ್ತು. ನಮ್ಮ ಆಸ್ಪತ್ರೆಯ ರಿಜಿಸ್ಟರಿನಲ್ಲಿದ್ದ ಹೆಸರುಗಳು ಕೆಲವೇ. ಏಕೆಂದರೆ ಕಾಮಾಲೆ ಎಂದರೆ ನಮ್ಮ ಜನ ಮೊದಲು ಹೋಗುವುದು ನಾಟಿ ಔಷಧ ಕೊಡುವವರ ಬಳಿಗೆ. ಆದ್ದರಿಂದ ಪಕ್ಕದ ಊರಿನಲ್ಲಿ ಬೇರಿನ ಔಷಧ ಕೊಡುತ್ತಿದ್ದ ಹಿರಿಯರೊಬ್ಬರನ್ನು ಕಂಡು, ಈ ಗ್ರಾಮದಿಂದ ಯಾರು ಯಾರು ಬಂದಿದ್ದರೆಂದು ವಿನಯದಿಂದಲೇ ಕೇಳಿದೆವು. ಅವರು ನೆನಪಿನಿಂದ ಹೇಳಿದ ಹೆಸರುಗಳಲ್ಲಿ ಅನೇಕವು ನಮ್ಮ ಲೈನ್ ಲಿಸ್ಟ್‌ನಲ್ಲಿ, ಅಂದರೆ ರೋಗಿಗಳ ಪಟ್ಟಿಯಲ್ಲಿ, ಇರಲಿಲ್ಲ. ಯಾರನ್ನು ರೋಗಿಯೆಂದು ಎಣಿಸಬೇಕೆಂಬ ಪ್ರಕರಣದ ವ್ಯಾಖ್ಯೆಯನ್ನೂ ಜನರ ಮಾತಿಗೆ ಹೊಂದುವಂತೆ ಬರೆದೆವು: ಇಂಥ ದಿನದಿಂದೀಚೆಗೆ ಈ ಗ್ರಾಮದಲ್ಲಿ ವಾಸವಿದ್ದು, ಕಣ್ಣು ಹಳದಿಯಾದ ಅಥವಾ ಮೂತ್ರ ಕಡು ಹಳದಿಯಾದ ಯಾರೇ ಆಗಲಿ. ಇದನ್ನು ಆಶಾ ಕಾರ್ಯಕರ್ತೆಯರು ಯಾರ ಸಹಾಯವೂ ಇಲ್ಲದೆ ಮನೆ ಮನೆಗಳಲ್ಲಿ ಕೇಳಬಲ್ಲವರಾಗಿದ್ದರು.

ನಂತರ ಊರಿನ ಎಲ್ಲ ಮನೆಗಳನ್ನೂ ಭೇಟಿ ಮಾಡುವ ಕೆಲಸ ಶುರುವಾಯಿತು. ಆಗ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ‘ನಮ್ಮನೇಲಿ ಯಾರಿಗೂ ಏನೂ ಆಗಿಲ್ಲವಲ್ಲ ಡಾಕ್ಟ್ರೇ, ನಮ್ಮನ್ಯಾಕೆ ಕೇಳ್ತೀರಿ?’ ಈ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಹೇಳುವುದನ್ನು ಕಲಿಯುವುದೇ ತರಬೇತಿಯ ಒಂದು ಮುಖ್ಯ ಭಾಗವೆಂದು ನಾನು ನಂಬಿದ್ದೇನೆ. ‘ನಿಮ್ಮನೆಯವರಿಗೆ ಬಂದಿಲ್ಲ, ಪಕ್ಕದ ಮನೆಯವರಿಗೆ ಬಂದಿದೆ, ನೀವು ಕುಡಿಯುವ ನೀರು ಎಲ್ಲಿಂದ ಬರುತ್ತೆ ಅಂತ ಗೊತ್ತಾದರೆ ಅವರಿಗೆ ಯಾಕೆ ಬಂತು ಅಂತ ಗೊತ್ತಾಗುತ್ತೆ’ ಎಂದರೆ ಜಗುಲಿಯ ಮೇಲೆ ಕೂರಿಸಿ ಮಾತನಾಡುತ್ತಿದ್ದರು.

ನೀರಿನ ವಿಷಯದಲ್ಲಿ ನಮಗೆ ಎಲ್ಲರಿಗಿಂತ ಹೆಚ್ಚು ನೆರವಾದವರು ಪಂಚಾಯಿತಿಯ ನೀರುಗಂಟಿ. ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ನೀರು ಹೋಗುತ್ತದೆಂಬುದು ಯಾವ ನಕ್ಷೆಯಲ್ಲೂ ಇರಲಿಲ್ಲ. ಅವರು ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದ್ದನ್ನೇ ನಾವು ಕಾಗದಕ್ಕೆ ಇಳಿಸಿದೆವು. ಅದರ ಮೇಲೆ ಮನೆಗಳನ್ನು ಗುರುತಿಸಿ, ನೀರಿನ ಪ್ರತಿ ಲೈನಿನಲ್ಲಿ ಇರುವವರೆಷ್ಟು, ಕಾಯಿಲೆಯಾದವರೆಷ್ಟು ಎಂದು ಎಪಿ ಇನ್ಫೋ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಲೆಕ್ಕ ಹಾಕಿದಾಗ, ಒಂದು ಲೈನಿನ ಅಟ್ಯಾಕ್ ರೇಟ್ (ಅಲ್ಲಿರುವವರಲ್ಲಿ ಕಾಯಿಲೆಯಾದವರ ಪ್ರಮಾಣ) ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. ಆ ಪೈಪು ಚರಂಡಿಯೊಳಗೇ ಹಾದುಹೋಗಿತ್ತು. ದಿನವಿಡೀ ನೀರು ಬಿಡದ ಕಡೆ ಅಪಾಯ ಇರುವುದೇ ಇಲ್ಲಿ: ನೀರು ನಿಂತಾಗ ಪೈಪಿನ ಒತ್ತಡ ಇಳಿದು, ಸೀಳಿದ ಜಾಗದಿಂದ ಚರಂಡಿ ನೀರನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ.

ಅದೇ ಲೈನಿನಲ್ಲಿ ಒಂದು ಮನೆಯಲ್ಲಿ ಮಾತ್ರ ಯಾರಿಗೂ ಕಾಯಿಲೆ ಬಂದಿರಲಿಲ್ಲ. ವಿಚಾರಿಸಿದರೆ, ಮನೆಯಲ್ಲಿ ಬಾಣಂತಿ ಇದ್ದುದರಿಂದ ತಿಂಗಳುಗಳಿಂದ ಎಲ್ಲರೂ ಕಾಯಿಸಿ ಆರಿಸಿದ ನೀರನ್ನೇ ಕುಡಿಯುತ್ತಿದ್ದರು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಕಾಲರಾ ತನಿಖೆಯಲ್ಲಿ ವೈದ್ಯ ಜಾನ್ ಸ್ನೋ ಕಂಡದ್ದೂ ಇಂಥದ್ದನ್ನೇ: ಸುತ್ತಲೂ ಜನ ಸಾಯುತ್ತಿದ್ದಾಗ 535 ಜನರಿದ್ದ ಬಡವರ ಆಶ್ರಯಗೃಹದಲ್ಲಿ ಸತ್ತವರು ಐವರು ಮಾತ್ರ, ಏಕೆಂದರೆ ಅವರಿಗೆ ಬೇರೆ ಬಾವಿ ಇತ್ತು. ಪುಸ್ತಕದಲ್ಲಿ ಓದಿದ್ದ ಈ ಸಂಗತಿ ಆ ಬಾಣಂತಿಯ ಮನೆಯಲ್ಲಿ ನಿಂತಾಗ ನನಗೆ ನಿಜವಾಗಿ ಅರ್ಥವಾಯಿತು.

ವಿಶ್ಲೇಷಣೆ ಮುಗಿಯಲೆಂದು ನಾವು ಕಾದು ಕೂರಲಿಲ್ಲ, ಯಾರೂ ಕಾಯಬಾರದು. ಕುದಿಸಿದ ನೀರು ಕುಡಿಯಿರಿ ಎಂದು ಮೊದಲ ದಿನವೇ ಡಂಗುರ ಸಾರಿಸಿ, ಕ್ಲೋರಿನೇಷನ್ ಆರಂಭಿಸಿ, ಲೈನಿನ ಕಟ್ಟಕಡೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ದಿನವೂ ಪರೀಕ್ಷಿಸಿದೆವು. ಹೆಪಟೈಟಿಸ್ ಇ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿರುವವರಿಗೆ, ಜೀವಕ್ಕೇ ಕುತ್ತು ತರಬಲ್ಲದು. ಆದ್ದರಿಂದ ತಾಯಿ ಕಾರ್ಡ್ ಹಿಡಿದು ಅವರೆಲ್ಲರ ಪಟ್ಟಿಯನ್ನು ಪ್ರತ್ಯೇಕವಾಗಿ ಮಾಡಿ, ಆಶಾ ಕಾರ್ಯಕರ್ತೆಯರು ಅವರನ್ನು ಪದೇ ಪದೇ ಭೇಟಿ ಮಾಡಿದರು.

ಪೈಪು ಬದಲಿಸಿದ ಮೇಲೂ ಹೊಸ ಪ್ರಕರಣಗಳು ಬಂದಾಗ ಊರಿನವರು ಕಂಗಾಲಾದರು. ಈ ವೈರಸ್ಸಿನ ಇನ್‌ಕ್ಯುಬೇಷನ್ ಅವಧಿ, ಅಂದರೆ ಸೋಂಕು ತಗುಲಿದಂದಿನಿಂದ ಲಕ್ಷಣ ಕಾಣುವವರೆಗಿನ ಕಾಲ, 2ರಿಂದ 10 ವಾರ. ಇಂದು ಕಣ್ಣು ಹಳದಿಯಾದವರು ಆ ನೀರನ್ನು ಕುಡಿದದ್ದು ಒಂದು ತಿಂಗಳ ಹಿಂದಿರಬಹುದು. ಇದನ್ನು ಗ್ರಾಮಸಭೆಯಲ್ಲಿ ದಿನಾಂಕಗಳನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದೆವು. ಪೈಪು ಬದಲಿಸಿದ ದಿನದಿಂದ ಹತ್ತು ವಾರ ಕಳೆದ ಮೇಲೆ ಹೊಸ ಪ್ರಕರಣ ಬಂದರೆ ಬೇರೆ ಮೂಲವನ್ನು ಹುಡುಕಬೇಕೆಂದು ವರದಿಯಲ್ಲಿ ಬರೆದಿಟ್ಟು, ಆ ಅವಧಿ ಮುಗಿಯುವವರೆಗೆ ಪ್ರತಿ ವಾರವೂ ಎಲ್ಲ ಲೈನುಗಳ ಮನೆಗಳಿಂದ, ಯಾರಿಗೂ ಕಾಯಿಲೆ ಇಲ್ಲದ ಮನೆಗಳಿಂದಲೂ, ಮಾಹಿತಿ ತರಿಸಿಕೊಂಡೆವು.