ಗಮ್ಮಿ ವಿಟಮಿನ್ ಕೊಳ್ಳುವ ಮೊದಲು ಡಬ್ಬಿಯ ಹಿಂಬದಿ ಓದುವುದು ಹೇಗೆ?

ಮಾತ್ರೆ ಎಂದರೆ ಮುಖ ಕಿವುಚುವವರು ಎಲ್ಲರ ಮನೆಯಲ್ಲೂ ಇರುತ್ತಾರೆ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ವಾಸನೆ ಹೊಡೆಯುತ್ತದೆ ಎನ್ನುತ್ತಾರೆ. ಅವರಿಗೆ ಗಮ್ಮಿ ಇಷ್ಟವಾಗುವುದು ಸಹಜ. ಬಾಯಿಗೆ ಹಾಕಿ ಅಗಿದರೆ ಮುಗಿಯಿತು. ಮೆಡಿಕಲ್ ಶಾಪ್‌ನಲ್ಲೂ ಆನ್‌ಲೈನ್‌ನಲ್ಲೂ ಈಗ ದೊಡ್ಡವರಿಗೆಂದೇ ಬಗೆಬಗೆಯ ಮಲ್ಟಿವಿಟಮಿನ್ ಗಮ್ಮಿಗಳಿವೆ. ಡಬ್ಬಿಯ ಮುಂದೆ ಎಲ್ಲರದ್ದೂ ಒಂದೇ ಹಾಡು: ಶಕ್ತಿ, ರೋಗನಿರೋಧಕ ಶಕ್ತಿ, ಹೊಳೆಯುವ ಚರ್ಮ. ನಿಜ ಸಂಗತಿ ಇರುವುದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ. ಅಕ್ಷರ ತೀರಾ ಸಣ್ಣದಾದರೆ ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಿ.

ಮೊದಲು ಲೆಕ್ಕ ಹಾಕಿ

ಪೋಷಕಾಂಶಗಳ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು, ಅಲ್ಲಿರುವ ಅಂಕಿ ಎಷ್ಟು ಗಮ್ಮಿಗೆ ಸೇರಿದ್ದು ಎಂಬುದು. ಒಂದಕ್ಕೋ, ಎರಡಕ್ಕೋ, ಅಥವಾ 100 ಗ್ರಾಂಗೋ? ಒಂದು ಗಮ್ಮಿಯ ತೂಕ ಸಾಮಾನ್ಯವಾಗಿ ಕೆಲವೇ ಗ್ರಾಂ. 100 ಗ್ರಾಂ ಲೆಕ್ಕದ ಅಂಕಿ ನೋಡಿ ಖುಷಿಪಟ್ಟರೆ ಮೋಸ ಹೋದಂತೆಯೇ.

ಒಂದು ಉದಾಹರಣೆ ನೋಡೋಣ. ಲೇಬಲ್‌ನಲ್ಲಿ 'ದಿನಕ್ಕೆ 2 ಗಮ್ಮಿ, ವಿಟಮಿನ್ ಡಿ 10 ಮೈಕ್ರೋಗ್ರಾಂ' ಎಂದಿದೆ ಅಂದುಕೊಳ್ಳಿ. ವಿಟಮಿನ್ ಅಳೆಯುವ ಇನ್ನೊಂದು ಮಾನ ಐಯು; ಒಂದು ಮೈಕ್ರೋಗ್ರಾಂ ವಿಟಮಿನ್ ಡಿ ಎಂದರೆ 40 ಐಯು. ಅಲ್ಲಿಗೆ ಎರಡು ಗಮ್ಮಿಯಿಂದ ಸಿಗುವುದು 400 ಐಯು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಅದರ ಪೋಷಣಾ ಸಂಸ್ಥೆ ಎನ್‌ಐಎನ್ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ದೊಡ್ಡವರಿಗೆ ದಿನಕ್ಕೆ 600 ಐಯು ಬೇಕು ಎಂದಿದೆ. ದಿನಕ್ಕೆ ಒಂದೇ ತಿಂದರೆ ಮೂರನೇ ಒಂದು ಭಾಗ ಮಾತ್ರ ಸಿಕ್ಕಿತು. 60 ಗಮ್ಮಿಯ ಡಬ್ಬಿ ಎರಡು ತಿಂಗಳು ಬರುತ್ತದೆ ಅಂತ ಲೆಕ್ಕ ಹಾಕಿದ್ದವರಿಗೆ ಅದು ಒಂದೇ ತಿಂಗಳಿಗೆ ಖಾಲಿ. ಹಾಗಾಗಿ ಬೆಲೆ ಹೋಲಿಸುವಾಗ ಡಬ್ಬಿಯ ಬೆಲೆ ಬೇಡ, ದಿನದ ಖರ್ಚು ಎಷ್ಟು ಎಂದು ನೋಡಿ.

ಪಕ್ಕದಲ್ಲೇ ಶೇಕಡಾ ಆರ್‌ಡಿಎ ಎಂಬ ಇನ್ನೊಂದು ಸಾಲು ಇರುತ್ತದೆ. ದಿನಕ್ಕೆ ಬೇಕಾದದ್ದರಲ್ಲಿ ಎಷ್ಟು ಪಾಲು ಸಿಗುತ್ತದೆ ಎಂದು ಅದು ಹೇಳುತ್ತದೆ. '20 ಪೋಷಕಾಂಶಗಳು' ಎಂದು ಮುಂದೆ ದಪ್ಪಕ್ಷರದಲ್ಲಿದ್ದು, ಹಿಂದೆ ಅರ್ಧಕ್ಕರ್ಧ ಶೇ 5, ಶೇ 8 ಎಂದಿದ್ದರೆ ಅದು ಹೆಸರಿಗಷ್ಟೇ. ಒಂಬತ್ತೋ ಹತ್ತೋ ವಿಟಮಿನ್ ಇದ್ದು, ಒಂದೊಂದೂ ಅರ್ಧಕ್ಕಿಂತ ಜಾಸ್ತಿ ಪಾಲು ಕೊಡುವ ಡಬ್ಬಿ ನನ್ನ ದೃಷ್ಟಿಯಲ್ಲಿ ಎಷ್ಟೋ ಮೇಲು. ಆರ್‌ಡಿಎ ಸಾಲೇ ಇಲ್ಲದ ಡಬ್ಬಿಯನ್ನು ವಾಪಸ್ ಇಟ್ಟುಬಿಡಿ.

ಏನಿಲ್ಲ ಎಂದು ಹುಡುಕಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಬಹುತೇಕ ಗಮ್ಮಿಗಳಲ್ಲಿ ಕಬ್ಬಿಣಾಂಶ ಇರುವುದೇ ಇಲ್ಲ. ಹಾಕಿದರೆ ಬಾಯಲ್ಲಿ ಲೋಹದ ರುಚಿ ಬರುತ್ತದೆ. ಮಿಠಾಯಿ ಎಂದುಕೊಂಡು ಮಕ್ಕಳು ಜಾಸ್ತಿ ತಿಂದುಬಿಟ್ಟರೆ ಕಬ್ಬಿಣ ಪ್ರಾಣಕ್ಕೇ ಅಪಾಯ. ಹಾಗಾಗಿ ಬಿಟ್ಟಿರುವುದು ತಪ್ಪೇನಲ್ಲ. ಆದರೆ ಕೊಳ್ಳುವವರಿಗೆ ಅದು ಗೊತ್ತಿರಬೇಕು. ಐಸಿಎಂಆರ್ ಪಟ್ಟಿಯ ಪ್ರಕಾರ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಸುಸ್ತು ಅಂತ ಗಮ್ಮಿ ತಿನ್ನುತ್ತಾ ಕೂತರೆ ಅಂಥವರಿಗೆ ಏನೂ ಪ್ರಯೋಜನವಿಲ್ಲ. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು.

ಕ್ಯಾಲ್ಸಿಯಂ ಕೂಡ ಹೀಗೆಯೇ. ಅದಕ್ಕೆ ಜಾಗ ಜಾಸ್ತಿ ಬೇಕು, ಗಮ್ಮಿಯಲ್ಲಿ ಅಷ್ಟು ಹಿಡಿಸುವುದಿಲ್ಲ. ಮಾಂಸ, ಮೊಟ್ಟೆ ತಿನ್ನದವರು ಬಿ12 ಇದೆಯೇ ಎಂದು ನೋಡಲಿ. ದಿನದ ಅಗತ್ಯ 2.2 ಮೈಕ್ರೋಗ್ರಾಂ.

ಜಿಗುಟು, ಸಕ್ಕರೆ, ಬಣ್ಣ

ಯಾವುದು ಜಾಸ್ತಿ ಇದೆಯೋ ಅದನ್ನೇ ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರೆದಿರುತ್ತಾರೆ. ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಎಂದು ಬೇರೆ ಬೇರೆ ಹೆಸರಲ್ಲಿ ಬಂದರೂ ಹೊಟ್ಟೆಗೆ ಹೋಗುವುದು ಸಕ್ಕರೆಯೇ. 'ಆ್ಯಡೆಡ್ ಶುಗರ್' ಎಂಬ ಸಾಲಿನಲ್ಲಿ ಎಷ್ಟು ಗ್ರಾಂ ಎಂದು ಸಿಗುತ್ತದೆ. ಶುಗರ್ ಇರುವವರು ಇದನ್ನು ಬಿಡದೆ ನೋಡಬೇಕು. 'ಶುಗರ್ ಫ್ರೀ' ಎಂದಿದ್ದರೆ ಮಾಲ್ಟಿಟಾಲ್, ಸಾರ್ಬಿಟಾಲ್‌ನಂಥ ಸಿಹಿಕಾರಕ ಇರಬಹುದು. ಜಾಸ್ತಿಯಾದರೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಗಮ್ಮಿ ಹಲ್ಲಿಗೆ ಅಂಟುವುದರಿಂದ ತಿಂದ ಮೇಲೆ ಬಾಯಿ ಮುಕ್ಕಳಿಸಿ.

ಜಿಗುಟು ಬರಲು ಜೆಲಟಿನ್ ಅಥವಾ ಪೆಕ್ಟಿನ್ ಹಾಕುತ್ತಾರೆ. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ, ಪೆಕ್ಟಿನ್ ಹಣ್ಣಿನಿಂದ. ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿಕೊಳ್ಳಬೇಕು. ವಿದೇಶದಿಂದ ಯಾರೋ ತಂದುಕೊಟ್ಟ ಡಬ್ಬಿಯಲ್ಲಿ ಆ ಚುಕ್ಕೆ ಇರುವುದಿಲ್ಲ. ಅಲ್ಲಿ ಪಟ್ಟಿಯನ್ನೇ ಓದಬೇಕು.

ಬರೆದಷ್ಟು ಒಳಗೆ ಇದೆಯೇ?

ಇದು ಕಷ್ಟದ ಪ್ರಶ್ನೆ. ಗಮ್ಮಿ ಮಾಡುವಾಗ ಬಿಸಿ ಪಾಕಕ್ಕೆ ವಿಟಮಿನ್ ಬೆರೆಸಿ ಅಚ್ಚಿಗೆ ಹೊಯ್ಯುತ್ತಾರೆ. ಶಾಖ, ಹುಳಿ, ನೀರಿನಂಶ ಮೂರೂ ಸೇರಿ ವಿಟಮಿನ್ ಸಿ, ಫೋಲಿಕ್ ಆಮ್ಲದಂಥವನ್ನು ಕೆಡಿಸುತ್ತವೆ. ಡಬ್ಬಿಯಲ್ಲಿ ಕೂತಾಗಲೂ ಅವು ಕರಗುತ್ತಲೇ ಇರುತ್ತವೆ. ಅದಕ್ಕೇ ತಯಾರಕರು ಮೊದಲೇ ಒಂದಿಷ್ಟು ಜಾಸ್ತಿ ಹಾಕುತ್ತಾರೆ. ಹದ ತಪ್ಪಿದರೆ ಕಡಿಮೆಯೂ ಆಗಬಹುದು, ವಿಪರೀತವೂ ಆಗಬಹುದು. 2023ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ನಿದ್ದೆಗೆಂದು ಮಾರುವ 25 ಮೆಲಟೋನಿನ್ ಗಮ್ಮಿಗಳ ಪರೀಕ್ಷೆಯ ವರದಿ ಬಂತು. 22ರಲ್ಲಿ ಲೇಬಲ್‌ಗೂ ಒಳಗಿನದಕ್ಕೂ ತಾಳೆಯಾಗಲಿಲ್ಲ. ಒಂದು ಕಡೆ ಬರೆದದ್ದರ ಶೇ 74 ಇತ್ತು, ಇನ್ನೊಂದು ಕಡೆ ಶೇ 347. ಅದು ವಿಟಮಿನ್ ಅಲ್ಲ, ನಿಜ. ಆದರೆ ಗಮ್ಮಿಯಲ್ಲಿ ಅಳತೆ ಹಿಡಿದಿಡುವುದು ಎಷ್ಟು ಕಷ್ಟ ಎಂದು ತಿಳಿಯಲು ಅಷ್ಟು ಸಾಕು.

ನಾವು ಮಾಡಬಹುದಾದದ್ದು ಎರಡು. ಒಂದು, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಲೈಸೆನ್ಸ್ ನಂಬರನ್ನು ಅದರದ್ದೇ ಫಾಸ್ಕೋಸ್ ಜಾಲತಾಣದಲ್ಲಿ ಹಾಕಿ ನೋಡುವುದು. ನಂಬರ್ ನಿಜವೇ, ಕಂಪನಿಯ ಹೆಸರು ಅದೇನಾ ಎಂದು ಗೊತ್ತಾಗುತ್ತದೆ. ಲೈಸೆನ್ಸ್ ಇದೆ ಎಂದಮಾತ್ರಕ್ಕೆ ನಿಮ್ಮ ಕೈಯಲ್ಲಿರುವ ಡಬ್ಬಿಯನ್ನು ಸರ್ಕಾರ ಪರೀಕ್ಷಿಸಿದೆ ಎಂದು ತಿಳಿಯಬೇಡಿ. ಅದು ತಯಾರಿಸಲು, ಮಾರಲು ಕೊಟ್ಟ ಅನುಮತಿ ಅಷ್ಟೇ.

ಎರಡು, ಲ್ಯಾಬ್ ರಿಪೋರ್ಟ್ ಕೇಳುವುದು. ಕೆಲವು ಕಂಪನಿಗಳು ಕ್ಯೂಆರ್ ಕೋಡ್ ಕೊಟ್ಟಿರುತ್ತವೆ. ಇಲ್ಲದಿದ್ದರೆ ಇಮೇಲ್ ಮಾಡಿ ಕೇಳಿ, ಸಂಕೋಚ ಬೇಡ. ರಿಪೋರ್ಟಿನ ಬ್ಯಾಚ್ ನಂಬರೂ ಡಬ್ಬಿಯದ್ದೂ ಒಂದೇ ಇರಬೇಕು. ಬೇರೆ ಬ್ಯಾಚಿನದ್ದಾದರೆ ಅದರಿಂದ ನಿಮಗೆ ಉಪಯೋಗವಿಲ್ಲ. ಪ್ರತಿ ವಿಟಮಿನ್ ಎದುರು ಹೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂದು ಎರಡೂ ಇರಬೇಕು. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸದ ಪರೀಕ್ಷೆ ಇರಬೇಕು. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಎನ್‌ಎಬಿಎಲ್‌ನ ಮಾನ್ಯತೆ ಆ ಲ್ಯಾಬ್‌ಗೆ ಇದ್ದರೆ ಒಳ್ಳೆಯದು. ಕೇಳಿದ ಮೇಲೂ ಕೊಡದ ಕಂಪನಿಯ ಗಮ್ಮಿಯನ್ನು ನಾನಂತೂ ಕೊಳ್ಳುವುದಿಲ್ಲ.

ಮುಚ್ಚಳ ತೆಗೆದಾಗ

ಒಳಗಿನ ಸೀಲ್ ಗಟ್ಟಿಯಾಗಿರಬೇಕು. ಗಮ್ಮಿಗಳು ಬಿಡಿಬಿಡಿಯಾಗಿರಬೇಕು. ಜೆಲಟಿನ್ ಬೇಸಿಗೆಯ ಶಾಖಕ್ಕೇ ಮೆತ್ತಗಾಗಿ ಕರಗುತ್ತದೆ, ಪೆಕ್ಟಿನ್ ಸ್ವಲ್ಪ ತಡೆಯುತ್ತದೆ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ ಕಡೆ ಡೆಲಿವರಿ ವ್ಯಾನಿನಲ್ಲಿ ಬಂದ ಡಬ್ಬಿ ಎಷ್ಟು ಕಾದಿರುತ್ತದೆ ಯೋಚಿಸಿ. ಎಲ್ಲ ಅಂಟಿ ಒಂದೇ ಮುದ್ದೆಯಾಗಿದ್ದರೆ, ಬಣ್ಣ ಕಂದಿದ್ದರೆ, ಮೇಲೆ ನೀರು ಒಡೆದಿದ್ದರೆ ತಿನ್ನಬೇಡಿ. ಮುದ್ದೆಯಿಂದ ಕಿತ್ತು ತಿಂದರೆ ಅಳತೆ ಎಲ್ಲಿ ಉಳಿಯಿತು, ಅಲ್ವಾ? ಕರಾವಳಿಯಲ್ಲಿ ಮಳೆಗಾಲದ ತೇವವೂ ಇದೇ ಕೆಲಸ ಮಾಡುತ್ತದೆ. ಅಲ್ಲಿ ಸಣ್ಣ ಡಬ್ಬಿ ಕೊಳ್ಳುವುದು ವಾಸಿ. ಒಳಗಿರುವ ಸಿಲಿಕಾ ಪೊಟ್ಟಣ ಎಸೆಯಬೇಡಿ.

ಡಾಕ್ಟರಿಗೆ ಹೇಳಬೇಕಾದವರು

ಬಸುರಿಯರು ವಿಟಮಿನ್ ಎ ಪ್ರಮಾಣವನ್ನು ಡಾಕ್ಟರಿಗೆ ತೋರಿಸದೆ ಶುರು ಮಾಡಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಕೆ ಇದೆಯೇ ಎಂದು ಕೇಳಬೇಕು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಜಾಸ್ತಿ ಇರುವ ಗಮ್ಮಿ ತಿನ್ನುವವರು ಪರೀಕ್ಷೆಗೆ ರಕ್ತ ಕೊಡುವಾಗ ಲ್ಯಾಬ್‌ನವರಿಗೆ ಹೇಳಲೇಬೇಕು. ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆಯ ಟ್ರೊಪೊನಿನ್ ಪರೀಕ್ಷೆ ಎರಡರಲ್ಲೂ ಬಯೋಟಿನ್‌ನಿಂದ ತಪ್ಪು ಫಲಿತಾಂಶ ಬರಬಹುದು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ.

ಮನೆಯಲ್ಲಿ ಮಕ್ಕಳಿದ್ದರೆ ಡಬ್ಬಿ ಊಟದ ಮೇಜಿನ ಮೇಲೆ ಬೇಡ, ಕಪಾಟಿನ ಮೇಲಿನ ಖಾನೆಯಲ್ಲಿರಲಿ. ಮಕ್ಕಳ ಎದುರು ಅದನ್ನು ಚಾಕೊಲೇಟ್ ಎಂದು ಕರೆಯಲೂಬೇಡಿ. ಡಬ್ಬಿಯಲ್ಲಿ ದೋಷ ಕಂಡರೆ ಬಿಲ್ ಮತ್ತು ಬ್ಯಾಚ್ ನಂಬರಿನ ಫೋಟೊ ಇಟ್ಟುಕೊಂಡು, ಎಫ್‌ಎಸ್‌ಎಸ್‌ಎಐನ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ದೂರು ಕೊಡಬಹುದು.